ದೊಡ್ಡಪ್ಪನ ಹೆಗಲೇರಿದ ಕಳೆ ಹೊಡೆಯುವ ಮಿಷನ್: ಒಂದು ವರ್ಷದ ಬಳಕೆಯ ನಂತರ

ಮೂಡಿಗೆರೆ ತಾಲೂಕಿನ ನಮ್ಮ ಕಾಫಿ ತೋಟಕ್ಕೆ ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಬ್ರಶ್ ಕಟರ್ ಕೊಂಡೆವು, ಅಂದರೆ ಉದ್ದನೆಯ ಕೊಳವೆಯ ಒಂದು ತುದಿಗೆ ಎಂಜಿನ್, ಇನ್ನೊಂದು ತುದಿಗೆ ತಿರುಗುವ ಬ್ಲೇಡು ಇರುವ ಯಂತ್ರ. ನಮ್ಮ ಕಡೆ ಇದನ್ನು ಕಳೆ ಹೊಡೆಯುವ ಮಿಷನ್ ಎಂದೇ ಕರೆಯುತ್ತಾರೆ. ಮುಂಗಾರಿಗೆ ಮೊದಲಿನ ಒಂದು ಸುತ್ತು, ಮಳೆ ಇಳಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನ ಇನ್ನೊಂದು ಸುತ್ತು, ಕೊಯ್ಲಿಗೆ ಮುಂಚೆ ದಾರಿ ಬಿಡಿಸುವ ಕೆಲಸ, ಮನೆಯ ಸುತ್ತಲಿನ ಹುಲ್ಲು, ಹೀಗೆ ಒಂದು ಪೂರ್ತಿ ವರ್ಷದ ದುಡಿಮೆಯನ್ನು ಅದು ಕಂಡಿದೆ. ಅದನ್ನು ವರ್ಷವಿಡೀ ಹೆಗಲಿಗೆ ಹಾಕಿಕೊಂಡು ಓಡಿಸಿದವರು 77 ವರ್ಷದ ನಮ್ಮ ದೊಡ್ಡಪ್ಪ, ಮತ್ತು ಈ ಅಭಿಪ್ರಾಯವನ್ನು ಬರೆಯುವುದಕ್ಕೆ ಅದೇ ಕಾರಣ. ಅಂಗಡಿಯಲ್ಲಿ ಯಂತ್ರ ತೋರಿಸುವವರು ಅದರ ಶಕ್ತಿ, ಬ್ಲೇಡಿನ ವೇಗ, ಪೆಟ್ರೋಲಿನ ಖರ್ಚು ಇವನ್ನೆಲ್ಲ ಹೇಳುತ್ತಾರೆ; ಮೊಣಕಾಲು ನೋವಿರುವ, ಕಿವಿಗೆ ಶ್ರವಣಯಂತ್ರ ಹಾಕಿಕೊಳ್ಳುವ, ಐವತ್ತು ವರ್ಷ ತಮ್ಮ ಕೈಯ ಅಂದಾಜನ್ನೇ ನಂಬಿ ತೋಟ ಮಾಡಿದ ಹಿರಿಯರ ಕೈಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸನ, ಬೆಂಗಳೂರು ಸೇರಿಕೊಂಡು, ತೋಟ ಮಾತ್ರ ಎಪ್ಪತ್ತು ದಾಟಿದವರ ಕೈಯಲ್ಲಿ ಉಳಿದಿದೆ. ಅಂಥವರಿಗಾಗಿ ಯಂತ್ರ ಕೊಳ್ಳುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇದೇ ಅಳತೆಯ ಯಂತ್ರಗಳನ್ನು ಹಲವು ಕಂಪನಿಗಳು ಮಾಡುತ್ತವೆ, ಮತ್ತು ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಅವೆಲ್ಲಕ್ಕೂ ಸಲ್ಲುತ್ತವೆ. ನಮ್ಮದು 35.8 ಸಿಸಿಯ, ನಾಲ್ಕು ಸ್ಟ್ರೋಕಿನ, ಒಂದು ಪಕ್ಕಕ್ಕೆ ನೇತುಹಾಕಿಕೊಳ್ಳುವ ಯಂತ್ರ. ಟ್ಯಾಂಕಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಹಿಡಿಯುತ್ತದೆ. ಬ್ಲೇಡು, ಗಾರ್ಡು ಎಲ್ಲ ಸೇರಿ ಮನೆಯ ತಕ್ಕಡಿಯಲ್ಲಿ ಏಳೂವರೆ ಕಿಲೋ ತೂಗಿತು.

ನಾಲ್ಕು ಸ್ಟ್ರೋಕನ್ನೇ ಆರಿಸಿದ್ದಕ್ಕೆ ಹಳೆಯ ಕಥೆಯೊಂದಿದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲಿಗೆ ಬೇರೆ ಜಾಗವಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಒಳಗೆ ಹೋಗಿ ಪಿಸ್ಟನ್ನಿಗೆ ಜಿಡ್ಡು ಒದಗಿಸಬೇಕು. 50ಕ್ಕೆ 1ರ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಅಳೆದು ಹಾಕಬೇಕು. ನಮ್ಮಲ್ಲಿ ಮೊದಲಿದ್ದ ಎರಡು ಸ್ಟ್ರೋಕಿನ ಯಂತ್ರಕ್ಕೆ ದೊಡ್ಡಪ್ಪ ಒಂದು ಬೆಳಿಗ್ಗೆ ಬರೀ ಪೆಟ್ರೋಲ್ ತುಂಬಿಸಿ, ಅದು ಎಂದಿಗಿಂತ ಚೆನ್ನಾಗಿ, ಹೊಗೆಯೇ ಇಲ್ಲದೆ ಓಡುತ್ತಿದೆ ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದ್ದರು. ಕರೆದವರು ಬಂದು ನಿಲ್ಲುವಷ್ಟರಲ್ಲಿ ಎಂಜಿನ್ ಕಿರ್ರೆಂದು ನಿಂತಿತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ರಿಪೇರಿಗೆ ಹೇಳಿದ ಮೊತ್ತ ಕೇಳಿದ ಮೇಲೆ ಆ ಯಂತ್ರ ಅಟ್ಟ ಸೇರಿತು, ಇನ್ನು ಅಳತೆಯ ಗೋಜಿಲ್ಲದ ಯಂತ್ರವೇ ಬೇಕೆಂದು ಅಪ್ಪ ತೀರ್ಮಾನಿಸಿದರು.

ಆದರೆ ಅಳತೆಯ ಗೋಜು ಪೂರ್ತಿಯಾಗಿ ತಪ್ಪುವುದಿಲ್ಲ. ನಾಲ್ಕು ಸ್ಟ್ರೋಕಿನ ಈ ಯಂತ್ರಕ್ಕೆ ಬೇರೆಯಾಗಿ ಆಯಿಲ್ ಹಾಕಬೇಕು, ಅದು ಹಿಡಿಯುವುದು 100 ಮಿಲಿ ಮಾತ್ರ, ಅಂದರೆ ಒಂದು ಸಣ್ಣ ಲೋಟದಷ್ಟು. ಎಂಜಿನ್ನನ್ನು ಸಮತಟ್ಟಾದ ಜಾಗದಲ್ಲಿ ಇಟ್ಟಾಗ ಆಯಿಲ್ ತುಂಬುವ ಬಾಯಿಯ ಅಂಚಿಗೆ ಬಂದರೆ ಸಾಕು. ದೊಡ್ಡಪ್ಪ ಯಂತ್ರವನ್ನು ಗೋಡೆಗೆ ಒರಗಿಸಿ ಆಯಿಲ್ ಹಾಕಿದರು. ಓರೆಯಾಗಿ ನಿಂತ ಎಂಜಿನ್ ಎಷ್ಟು ಹಾಕಿದರೂ ಕುಡಿಯುತ್ತ ಹೋಯಿತು, ಲೀಟರ್ ಡಬ್ಬಿಯಲ್ಲಿ ಕಾಲು ಭಾಗ ಖಾಲಿಯಾದ ಮೇಲೆ ಅಂಚಿನಲ್ಲಿ ಆಯಿಲ್ ಕಂಡಿತು. ಹೆಚ್ಚಾದ ಆಯಿಲ್ ಗಾಳಿಯ ದಾರಿ ಹಿಡಿದು ಏರ್ ಫಿಲ್ಟರಿಗೂ ಅಲ್ಲಿಂದ ಸಿಲಿಂಡರಿಗೂ ಸೇರಿ ಉರಿಯುತ್ತದೆ. ಹಗ್ಗ ಎಳೆದದ್ದೇ ತಡ, ಕಣದ ತುಂಬ ಬಿಳಿಯ ಹೊಗೆ ಕವಿದುಕೊಂಡಿತು. ಕಣದ ಆ ತುದಿಯಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದ ಅತ್ತೆಗೆ ಸೌದೆ ಕೊಟ್ಟಿಗೆಗೆ ಬೆಂಕಿ ಬಿತ್ತು ಎನ್ನಿಸಿ, ಬಚ್ಚಲ ಕಡೆ ಓಡಿ ಒಂದು ಕೊಡ ನೀರು ತಂದು, ಹೊಗೆ ಎಲ್ಲಿ ದಟ್ಟವಾಗಿತ್ತೋ ಅಲ್ಲಿಗೆ ಗುರಿಯಿಟ್ಟು ಸುರಿದರು. ಹೊಗೆ ತಿಳಿಯಾದಾಗ ನಡುವೆ ತಲೆಯಿಂದ ಕಾಲಿನವರೆಗೆ ತೊಯ್ದ ದೊಡ್ಡಪ್ಪ ಹಗ್ಗದ ಹಿಡಿಯನ್ನು ಇನ್ನೂ ಬಿಡದೆ ನಿಂತಿದ್ದರು. ಆ ದಿನದ ಹಪ್ಪಳಕ್ಕೆ ಕೊನೆಯವರೆಗೂ ಎಂಜಿನ್ ಆಯಿಲಿನ ವಾಸನೆ ಹೋಗಲಿಲ್ಲ, ಆದರೂ ಅತ್ತೆ ಅದನ್ನು ಎಸೆಯದೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟು ಮಳೆಗಾಲವಿಡೀ ದೊಡ್ಡಪ್ಪನಿಗೆ ಮಾತ್ರ ಕರಿದು ಬಡಿಸಿದರು.

ಇದರಲ್ಲಿ ಯಂತ್ರದ ದೋಷವೇನಿಲ್ಲ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಆಯಿಲ್ ಹಾಕುವ ವಿಧಾನವನ್ನು ಅಕ್ಕಿ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಪುಸ್ತಕದ ಹನ್ನೆರಡನೆಯ ಪುಟದಲ್ಲಿ ಅಚ್ಚು ಹಾಕಿದರೆ, ಕಣ್ಣಿನ ಪೊರೆ ತೆಗೆಸಿಕೊಂಡ ರೈತರೊಬ್ಬರು ಅದನ್ನು ಹೇಗೆ ಓದಬೇಕು? ಕರ್ನಾಟಕದಲ್ಲಿ ಮಾರುವ ಕೃಷಿ ಯಂತ್ರದ ಮೇಲೆ ಕನ್ನಡದ ಒಂದು ಚೀಟಿ ಅಂಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಾವು ಈಗ 100 ಮಿಲಿಯ ಗುರುತಿರುವ ಕೆಮ್ಮಿನ ಔಷಧಿಯ ಖಾಲಿ ಬಾಟಲಿಯೊಂದನ್ನು ತೊಳೆದು, ಹೊಸ ಚೀಟಿ ಅಂಟಿಸಿ, ಆಯಿಲ್ ಡಬ್ಬಿಗೇ ದಾರದಲ್ಲಿ ಕಟ್ಟಿಬಿಟ್ಟಿದ್ದೇವೆ. ಮೊದಲ ಹತ್ತು ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ ಐವತ್ತು ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಗಂಟೆಯ ಲೆಕ್ಕವನ್ನು ಅತ್ತೆ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡುತ್ತಾರೆ.

ಚಾಲೂ ಮಾಡುವುದು ಕಲಿತ ಮೇಲೆ ಸುಲಭ. ಪೆಟ್ರೋಲಿನ ಪುಟ್ಟ ರಬ್ಬರ್ ಗುಳ್ಳೆಯನ್ನು ಐದಾರು ಸಲ ಒತ್ತಿ, ಚೋಕ್ ಮುಚ್ಚಿ, ಹಗ್ಗವನ್ನು ಎರಡು ಮೂರು ಸಲ ಎಳೆದರೆ ಹಿಡಿದುಕೊಳ್ಳುತ್ತದೆ. ಮೊದಲ ವಾರ ದೊಡ್ಡಪ್ಪ ಸ್ವಿಚ್ಚನ್ನು ನಿಲ್ಲಿಸುವ ಕಡೆಗೇ ಇಟ್ಟು ಹಗ್ಗ ಎಳೆಯುತ್ತಿದ್ದರು. "ಎಳೆದೂ ಎಳೆದೂ ತೋಳು ಬಿದ್ದೋಯ್ತು ಮಾರಾಯ, ಇದಕ್ಕಿಂತ ಕತ್ತೀಲಿ ಹೊಡೆದಿದ್ರೆ ಇಷ್ಟೊತ್ತಿಗೆ ಒಂದು ಸಾಲು ಮುಗೀತಿತ್ತು" ಎಂದು ಅವರು ಫೋನಿನಲ್ಲಿ ಹೇಳಿದಾಗ ಹಾಸನದಲ್ಲಿದ್ದ ನನಗೆ ಏನಾಗಿದೆ ಎಂದು ತಿಳಿಯಲಿಲ್ಲ. ಶನಿವಾರ ಬೇಲೂರು ಮಾರ್ಗವಾಗಿ ಊರಿಗೆ ಹೋಗಿ ನೋಡಿದಾಗ, ಸ್ವಿಚ್ಚನ್ನು ಮುಂದಕ್ಕೆ ತಳ್ಳಿದೊಡನೆ ಯಂತ್ರ ಎರಡನೆಯ ಎಳೆತಕ್ಕೆ ಓಡಿತು.

ಹಿರಿಯರ ಯಂತ್ರದಲ್ಲಿ ನಾನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕೆನ್ನುವುದು ಅದು ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು. ಈ ವಿಷಯದಲ್ಲಿ ನಮ್ಮ ಯಂತ್ರಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಬಲಗೈ ಹಿಡಿಯಲ್ಲಿ ಹೆಬ್ಬೆರಳಿಗೆ ಎಟಕುವಂತೆ ಕೆಂಪು ಸ್ವಿಚ್ ಇದೆ. ಅಂಗೈಯಿಂದ ಒಂದು ಲಿವರನ್ನು ಒತ್ತಿ ಹಿಡಿಯದೆ ಎಕ್ಸಿಲರೇಟರ್ ಏರುವುದೇ ಇಲ್ಲ, ಕೈ ಸಡಿಲಿಸಿದೊಡನೆ ಎಂಜಿನ್ನಿನ ವೇಗ ಇಳಿದು ಕ್ಲಚ್ ಬಿಟ್ಟುಕೊಳ್ಳುತ್ತದೆ, ಬ್ಲೇಡು ಕೆಲವು ಕ್ಷಣ ತಿರುಗಿ ನಿಲ್ಲುತ್ತದೆ. ದೊಡ್ಡಪ್ಪ ಒಮ್ಮೆ ಇಳಿಜಾರಿನಲ್ಲಿ ಒದ್ದೆ ತರಗಿನ ಮೇಲೆ ಜಾರಿ ಕುಳಿತುಬಿಟ್ಟಾಗ ಎರಡೂ ಕೈ ಬಿಟ್ಟಿದ್ದರು. ಅವರು ಎದ್ದು ಪಂಚೆ ಕೊಡವಿಕೊಳ್ಳುವ ಮೊದಲೇ ಬ್ಲೇಡು ನಿಂತಿತ್ತು. ಆ ಒಂದು ಘಟನೆಗಾಗಿಯೇ ಕೊಟ್ಟ 18,500 ರೂಪಾಯಿ ಸಾರ್ಥಕವೆಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಯಂತ್ರದ ಜೊತೆ ಬಂದ ಹೆಗಲ ಪಟ್ಟಿ ತೀರಾ ಕಳಪೆ. ತುರ್ತಿನಲ್ಲಿ ಒಂದೇ ಎಳೆತಕ್ಕೆ ಕಳಚಿಕೊಳ್ಳಬೇಕಾದ ಕೊಂಡಿ ಅದರಲ್ಲಿಲ್ಲ; ಇರುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಎರಡು ಕಡೆಯಿಂದ ಒಟ್ಟಿಗೆ ಅದುಮಬೇಕು, ಅದು ಗಂಟು ನೋವಿರುವ ಬೆರಳುಗಳಿಗೆ ಆಗುವ ಕೆಲಸವಲ್ಲ. ಜೂನ್ ಮೊದಲ ವಾರ ದೊಡ್ಡ ಮಳೆ ಇದ್ದಕ್ಕಿದ್ದಂತೆ ಹೊಡೆದಾಗ ದೊಡ್ಡಪ್ಪ ಎಂಜಿನ್ ನಿಲ್ಲಿಸಿ, ಯಂತ್ರವನ್ನು ಹೆಗಲಿನಲ್ಲೇ ಬಿಟ್ಟುಕೊಂಡು ಮನೆಗೆ ಓಡಿ ಬಂದರು. ನಮ್ಮದು ಹಳೆಯ ಕಾಲದ ಮನೆ, ಹೆಬ್ಬಾಗಿಲು ಕಿರಿದು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಆಳುದ್ದದ ಕೊಳವೆ ಅಡ್ಡಲಾಗಿ ಎರಡೂ ಬಾಗಿಲುತೋಳಿಗೆ ಬಡಿದು ಅವರನ್ನು ಹಿಂದಕ್ಕೆ ತಳ್ಳಿತು. ಪಕ್ಕಕ್ಕೆ ತಿರುಗಿ ಎಂಜಿನ್ ಭಾಗವನ್ನು ಮೊದಲು ಒಳಕ್ಕೆ ತೂರಿಸಿದಾಗ ಎಂಜಿನ್ ಒಳಗೆ, ಬ್ಲೇಡು ಜಗಲಿಯಲ್ಲಿ, ಅವರು ಹೊಸ್ತಿಲ ಮೇಲೆ ಸಿಕ್ಕಿಕೊಂಡರು. "ಅಣ್ಣಯ್ಯ, ಮೊದ್ಲು ಅದನ್ನ ಬಿಚ್ಚು, ಆಮೇಲೆ ಒಳಗೆ ಬಾ" ಎಂದು ಅತ್ತೆ ಹೇಳುವುದು, "ಬಿಚ್ಚೋಕೆ ಬರ್ತಿದ್ರೆ ಹೊರಗೇ ಬಿಚ್ಚಿ ಬರ್ತಿರ್ಲಿಲ್ವೇನೆ" ಎಂದು ಅವರು ಗದರುವುದು ಹತ್ತು ನಿಮಿಷ ನಡೆಯಿತು. ಕೊನೆಗೆ ಅಪ್ಪ ಹಿಂಬದಿಯಿಂದ ಬಂದು ಎರಡೂ ಕೈಯಲ್ಲಿ ಕ್ಲಿಪ್ ಅದುಮಿ ಬಿಡಿಸಿದರು. ಎಂಜಿನ್ ನಿಂತಿದ್ದರಿಂದ ಅದು ಮನೆಮಂದಿ ನಕ್ಕು ಹೇಳಿಕೊಳ್ಳುವ ಮಾತಾಯಿತು. ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರಿ ಬೆಂಕಿ ಹತ್ತಿದ ಹೊತ್ತಿನಲ್ಲೋ, ಬರೆಯಿಂದ ಕೆಳಗೆ ಜಾರಿದ ಹೊತ್ತಿನಲ್ಲೋ ಇದೇ ಕ್ಲಿಪ್ ಇದೇ ರೀತಿ ಹಠ ಹಿಡಿದರೆ ಏನಾಗಬೇಕು ಎಂಬ ಯೋಚನೆ ನನ್ನನ್ನು ಆಮೇಲೆ ಬಿಡಲಿಲ್ಲ. ಕೊಳ್ಳುವ ಮೊದಲು ಹಿರಿಯರನ್ನೇ ಅಂಗಡಿಗೆ ಕರೆದೊಯ್ದು, ಪಟ್ಟಿ ಹಾಕಿಸಿ, ಒಂದೇ ಕೈಯಲ್ಲಿ ಬಿಚ್ಚಲು ಹೇಳಿ ನೋಡಬೇಕು.

ಬ್ಲೇಡು ಬದಲಿಸುವ ನಟ್ಟಿನ ಬಗ್ಗೆ ಒಂದು ಮುಖ್ಯ ಸಂಗತಿ. ಇದರ ಮರೆ (ತಿರುಪಿನ ಸುತ್ತು) ಎಡಗಡೆಯದು. ಅಂದರೆ ಎಲ್ಲ ನಟ್ಟುಗಳನ್ನು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಇದು ಸಡಿಲಾಗುತ್ತದೆ. ಬ್ಲೇಡು ತಿರುಗುವ ರಭಸಕ್ಕೆ ನಟ್ಟು ತಾನಾಗಿ ಕಳಚಬಾರದೆಂದು ಹಾಗೆ ಮಾಡಿರುತ್ತಾರೆ. ಮೂರು ಹಲ್ಲಿನ ಬ್ಲೇಡು ತೆಗೆದು ನೈಲಾನ್ ದಾರ ತಿರುಗಿ ಹುಲ್ಲು ಕತ್ತರಿಸುವ ತಲೆ ಹಾಕಬೇಕೆಂದು ದೊಡ್ಡಪ್ಪ ಮತ್ತು 72 ವರ್ಷದ ಅಪ್ಪ ಒಂದು ಭಾನುವಾರ ಕೂತರು. ಸ್ಪ್ಯಾನರಿಗೆ ನಟ್ಟು ಜಗ್ಗಲಿಲ್ಲ, ತುದಿಗೆ ಜಿಐ ಪೈಪ್ ಸಿಕ್ಕಿಸಿ ಒಬ್ಬರು ಯಂತ್ರದ ಮೇಲೆ ಕಾಲಿಟ್ಟು, ಇನ್ನೊಬ್ಬರು ಪೈಪಿನ ಮೇಲೆ ತಮ್ಮ ಭಾರವನ್ನೆಲ್ಲ ಬಿಟ್ಟರು. ಸಂಜೆಯವರೆಗೂ ಇಬ್ಬರೂ ಸೇರಿ ಮಾಡಿದ್ದು ಆ ನಟ್ಟನ್ನು ಇನ್ನಷ್ಟು ಬಿಗಿಗೊಳಿಸುವ ಕೆಲಸ. ಮರುದಿನ ಪೇಟೆಯಿಂದ ಬಂದ ರಿಪೇರಿಯ ಹುಡುಗ ಗೇರ್ ಬಾಕ್ಸಿನ ತೂತಿಗೆ ಕಂಬಿ ತೂರಿಸಿ ಬ್ಲೇಡು ತಿರುಗದಂತೆ ಮಾಡಿ, ಸ್ಪ್ಯಾನರಿಗೆ ಬಲಕ್ಕೆ ಎರಡು ಪೆಟ್ಟು ಕೊಟ್ಟು ಬಿಚ್ಚಿದ. ಇಬ್ಬರು ಹಿರಿಯರ ಮುಖ ನೋಡಿ ಆತ ನಗಲಿಲ್ಲ. ಜೇಬಿನಿಂದ ಬಿಳಿಯ ಪೇಂಟಿನ ಪೆನ್ನು ತೆಗೆದು, ಬ್ಲೇಡಿನ ಗಾರ್ಡಿನ ಮೇಲೆ ಒಂದು ಬಾಣದ ಗುರುತು ಹಾಕಿ, ಪಕ್ಕದಲ್ಲಿ ದುಂಡಗೆ "ಬಿಚ್ಚಲು ಬಲಕ್ಕೆ" ಎಂದು ಬರೆದ. ಮೂರು ಪದವೂ ಇಲ್ಲದ ಆ ಬರಹ ಯಂತ್ರದ ಇಡೀ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆ ಹುಡುಗನ ವಿಷಯ ಇಲ್ಲಿಯೇ ಹೇಳಬೇಕು. ಯಂತ್ರ ಮಾರಿದ ಅಂಗಡಿಯವರು ಹಣ ಎಣಿಸಿಕೊಂಡು ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿದ್ದೇ ಕೊನೆ. ಓಡಿಸಿ ತೋರಿಸಲು ಬರುತ್ತೇವೆಂದವರು ಎರಡು ಸಲ ಫೋನ್ ಮಾಡಿದರೂ ಬರಲಿಲ್ಲ. ಮೇಲೆ ಹೇಳಿದ ಫಜೀತಿಗಳಲ್ಲಿ ಅರ್ಧದಷ್ಟು ಆ ಒಂದು ಗಂಟೆಯ ಪಾಠ ನಡೆದಿದ್ದರೆ ತಪ್ಪುತ್ತಿದ್ದವು. ಈ ಹುಡುಗನಾದರೋ ನಟ್ಟು ಬಿಚ್ಚಿದ ಕೂಲಿ ತೆಗೆದುಕೊಂಡ ಮೇಲೂ ಒಂದು ಕಾಫಿ ಕುಡಿದು, ದೊಡ್ಡಪ್ಪನ ಜೊತೆ ತೋಟಕ್ಕಿಳಿದು, ಎರಡು ಗಂಟೆ ಹೊತ್ತು ಅವರ ಎಡಗಡೆ ದೂರದಲ್ಲಿ ನಿಂತು ಕೈಸನ್ನೆಯಲ್ಲೇ ತಿದ್ದಿದ. ಬ್ಲೇಡು ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಬೇಕು. ಬ್ಲೇಡಿನ ಮುಂದಿನ ಬಲ ಅಂಚು ಕುಳೆಗೋ ಕಲ್ಲಿಗೋ ತಾಗಿದರೆ ಯಂತ್ರ ಥಟ್ಟನೆ ಸಿಡಿದು ಪಕ್ಕಕ್ಕೆ ಎಸೆಯುತ್ತದೆ. ಬಲಗೈಯಲ್ಲಿ ಕತ್ತಿ ಹಿಡಿದು ಜೀವಮಾನವಿಡೀ ಬಲದಿಂದ ಎಡಕ್ಕೆ ಬೀಸಿದ ದೊಡ್ಡಪ್ಪನಿಗೆ ಈ ಬೀಸು ಹೊಸದೇನೂ ಆಗಿರಲಿಲ್ಲ. ಅರ್ಧ ಗಂಟೆಯೊಳಗೆ ಅವರ ಬೀಸು ಹುಡುಗನ ಬೀಸಿಗಿಂತ ನಯವಾಯಿತು.

ಡೇರೆ ಹೂವಿನ ಪ್ರಕರಣ ಆಗಸ್ಟ್ ತಿಂಗಳಿನದು. ಯಂತ್ರ ಓಡುವಾಗ ಬೇರೆಯವರು 15 ಮೀಟರ್ ದೂರವಿರಬೇಕು ಎಂಬುದು ಎಲ್ಲ ಬ್ರಶ್ ಕಟರುಗಳ ನಿಯಮ, ಏಕೆಂದರೆ ಬ್ಲೇಡು ತಾಗಿದ ಕಲ್ಲು ಗುಂಡಿನಂತೆ ಹಾರುತ್ತದೆ. ಶಬ್ದ ತಡೆಯುವ ಕಿವಿಗವಚ ಹಾಕಿಕೊಳ್ಳಲು ದೊಡ್ಡಪ್ಪ ಶ್ರವಣಯಂತ್ರವನ್ನು ತೆಗೆದಿಡುತ್ತಾರೆ, ಆಮೇಲೆ ಅವರಿಗೆ ಗುಡುಗಿದರೂ ಕೇಳಿಸದು. ಅಂಗಳದ ಅಂಚಿನ ಹುಲ್ಲು ಹೊಡೆಯುತ್ತಿದ್ದ ಅವರನ್ನು ಊಟಕ್ಕೆ ಕರೆದು ಕರೆದು ಸಾಕಾದ ಅತ್ತೆ ಹಿಂದಿನಿಂದ ಬಂದು ಭುಜ ಮುಟ್ಟಿದರು. ಬೆಚ್ಚಿದ ದೊಡ್ಡಪ್ಪ ಯಂತ್ರದ ಸಮೇತ ಅರ್ಧ ಸುತ್ತು ತಿರುಗಿದರು. ಅತ್ತೆಗೆ ಏನೂ ಆಗಲಿಲ್ಲ, ಕೊಳವೆಯ ಉದ್ದವೇ ಅವರನ್ನು ಕಾಯಿತು. ಆದರೆ ಮೇ ತಿಂಗಳಲ್ಲಿ ಗೆಡ್ಡೆ ನೆಟ್ಟು, ಕೋಲು ಊರಿ, ಮಳೆಯಲ್ಲಿ ಕೊಡೆ ಹಿಡಿದುಕೊಂಡು ನೋಡಿಕೊಂಡಿದ್ದ ಕಡುಗೆಂಪು ಡೇರೆಯ ಸಾಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಮನಾಗಿ ಕತ್ತರಿಸಿ ಬಿದ್ದಿತ್ತು. ಅತ್ತೆ ಎರಡು ದಿನ ದೊಡ್ಡಪ್ಪನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ದೊಡ್ಡಪ್ಪ ಬಸ್ಸು ಹತ್ತಿ ಕೊಪ್ಪದ ನೆಂಟರ ಮನೆಗೆ ಹೋಗಿ, ಆ ಬಣ್ಣದ್ದೇ ಗೆಡ್ಡೆಯನ್ನು ಮುಂದಿನ ವರ್ಷಕ್ಕೆ ತೆಗೆದಿಡಲು ಹೇಳಿ ಬಂದರು. ಅಂದಿನಿಂದ ಅತ್ತೆ ಕರೆಯುವ ಕ್ರಮ ಬದಲಾಗಿದೆ: ಉದ್ದನೆಯ ಬಿದಿರ ಗಳುವಿಗೆ ಕೆಂಪು ಟವೆಲ್ ಕಟ್ಟಿಕೊಂಡು, ಅವರಿಗೆ ಕಾಣುವಂತೆ ಎದುರುಗಡೆ ದೂರದಲ್ಲಿ ನಿಂತು ಬೀಸುತ್ತಾರೆ. ಟವೆಲ್ ಕಂಡೊಡನೆ ಸ್ವಿಚ್ ಒತ್ತಬೇಕು, ಎಂಜಿನ್ ನಿಲ್ಲದೆ ಯಾರೂ ಹತ್ತಿರ ಹೋಗಬಾರದು. ನಿಮ್ಮ ಮನೆಯಲ್ಲೂ ಯಂತ್ರ ತಂದ ಮೊದಲ ದಿನವೇ ಇಂಥದೊಂದು ಏರ್ಪಾಡು ಆಗಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತೋಟದ ಕೆಲಸದಲ್ಲಿ ಯಂತ್ರ ಹೇಗಿದೆ ಎಂದರೆ, ರೊಬಸ್ಟಾ ತೋಟಕ್ಕೆ ಬಹಳ ಚೆನ್ನಾಗಿದೆ. ಗಿಡದಿಂದ ಗಿಡಕ್ಕೆ ಹತ್ತು ಅಡಿ ಬಿಟ್ಟಿರುವಲ್ಲಿ ಸರಾಗವಾಗಿ ಬೀಸಬಹುದು, ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಎಳೆಯ ಪೊದೆ, ನಾಚಿಕೆ ಮುಳ್ಳು ಎಲ್ಲವೂ ನೆಲಕ್ಕೆ ಬರುತ್ತವೆ. ಆರಡಿಯ ಅಂತರದ ಅರೇಬಿಕಾ ಸಾಲಿನಲ್ಲಿ ಮಾತ್ರ ಎಚ್ಚರ ಬೇಕು. ನೈಲಾನ್ ದಾರವಾದರೆ ಅಪಾಯವಿಲ್ಲ ಎಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಎಳೆಯ ಗಿಡದ ಬುಡದ ತೊಗಟೆಯನ್ನು ದಾರ ಸುತ್ತಲೂ ಸುಲಿದರೆ ಗಿಡ ಒಣಗಿಯೇ ಹೋಗುತ್ತದೆ. ಗಿಡದ ಬುಡದ ಸುತ್ತ ಎರಡು ಅಡಿ ಜಾಗವನ್ನು ಮೊದಲು ಕತ್ತಿಯಲ್ಲಿ ಬಿಡಿಸಿ, ನಡುವಿನದನ್ನು ಮಾತ್ರ ಯಂತ್ರಕ್ಕೆ ಬಿಡುವುದು ನಮ್ಮ ಈಗಿನ ಪದ್ಧತಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೂ ಇದೇ ಮಾತು. ದೊಡ್ಡಪ್ಪ ತಮ್ಮ ಕೈಯಾರೆ ನೆಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದ ಪಣಿಯೂರು ಬಳ್ಳಿಯೊಂದನ್ನು ಹುಲ್ಲಿನ ಮರೆಯಲ್ಲಿ ಬುಡಕ್ಕೇ ಕತ್ತರಿಸಿದ್ದು ಒಂದು ವಾರ ಯಾರಿಗೂ ತಿಳಿಯಲಿಲ್ಲ. ಎಲೆ ಬಾಡಿದ್ದು ಕಂಡು ಸೊರಗು ರೋಗವೆಂದು ಮದ್ದು ಹಾಕಲು ಬುಡ ಕೆದಕಿದಾಗಲೇ ತಿಳಿದದ್ದು. ಅವರು ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಮಳೆಗಾಲದಲ್ಲಿ ಯಂತ್ರವನ್ನು ಮೂಲೆಗಿಡುವಾಗ ಟ್ಯಾಂಕ್ ಖಾಲಿ ಮಾಡಿ, ಒಳಗೆ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ, ಅದು ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕಡೆಯ ಜುಲೈ ತಿಂಗಳಿನ ತೇವವನ್ನಂತೂ ಕೇಳುವುದೇ ಬೇಡ. ನಮ್ಮ ಯಂತ್ರದ ಕಾರ್ಬೊರೇಟರನ್ನು ಒಮ್ಮೆ ಬಿಚ್ಚಿ ತೊಳೆಸಬೇಕಾಯಿತು.

ಕೈ ನಡುಕದ ವಿಷಯವನ್ನೂ ಮರೆಯುವಂತಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ದೊಡ್ಡಪ್ಪನ ಬೆರಳು ಜೋಮು ಹಿಡಿಯುತ್ತದೆ, ಕಾಫಿ ಲೋಟ ಹಿಡಿದರೆ ತುಳುಕುತ್ತದೆ. ಹಾಗಾಗಿ ಒಂದು ಸಲಕ್ಕೆ ಅರ್ಧ ಟ್ಯಾಂಕ್ ಪೆಟ್ರೋಲ್ ಮಾತ್ರ ಹಾಕಿಕೊಡುವುದೆಂದು ಅಪ್ಪ ನಿಯಮ ಮಾಡಿದ್ದಾರೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ ಕೇಳದವರು ಪೆಟ್ರೋಲ್ ಮುಗಿದಾಗ ತಾವಾಗಿ ಬಂದು ಜಗಲಿಯಲ್ಲಿ ಕೂರುತ್ತಾರೆ.

ಕೊಳ್ಳುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿದೆ, ಪಹಣಿ ಮತ್ತು ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕಾಗುತ್ತದೆ. ನಾವು ಅವಸರದಲ್ಲಿ ಪೂರ್ತಿ ಹಣ ಕೊಟ್ಟೆವು. ಐದಕ್ಕೆ ನಾನು ಯಂತ್ರಕ್ಕೆ ನಾಲ್ಕು, ಹೆಗಲ ಪಟ್ಟಿಗೆ ಒಂದು, ಮಾರಿದ ಅಂಗಡಿಯ ಸೇವೆಗೆ ಸೊನ್ನೆ, ರಿಪೇರಿಯ ಹುಡುಗನಿಗೆ ಐದು ಅಂಕ ಕೊಡುತ್ತೇನೆ. ಒಂದೇ ಎಳೆತಕ್ಕೆ ಕಳಚುವ, ಎರಡೂ ಹೆಗಲಿಗೆ ಭಾರ ಹಂಚುವ ಬೇರೆ ಪಟ್ಟಿಯನ್ನು ಆತನೇ 900 ರೂಪಾಯಿಗೆ ತರಿಸಿಕೊಟ್ಟ. ಅದನ್ನು ಹಾಕಿಕೊಂಡ ದಿನ ದೊಡ್ಡಪ್ಪ ಹೆಬ್ಬಾಗಿಲ ಮುಂದೆ ನಿಂತು, ಅತ್ತೆಯನ್ನು ಹೊರಗೆ ಕರೆದು, ಕೆಂಪು ಪಟ್ಟಿಯನ್ನು ಒಮ್ಮೆ ಎಳೆದು ಯಂತ್ರವನ್ನು ಜಗಲಿಯ ಮೇಲೆ ಇಳಿಸಿ, ಕೈ ಬೀಸಿಕೊಂಡು ಒಳಗೆ ಹೋದರು.